ಕಷ್ಟದ ಸಹೋದ್ಯೋಗಿಗಳನ್ನು ಕ್ರಿಸ್ತನ ಕೃಪೆಯಿಂದ ಮುನ್ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಸ್ಥಳದಲ್ಲಿ ಹೊಣೆ ಹೊತ್ತಿರುವ ಕ್ರೈಸ್ತ ವಿಶ್ವಾಸಿಗಳಲ್ಲಿ ಗದರಿಸಿ ಕೆಲಸ ತೆಗೆಯುವವರು ಇದ್ದಾರೆ. ಕೃಪೆಯ ಹೆಸರಿನಲ್ಲಿ ಎಲ್ಲವನ್ನೂ ಸಹಿಸಿಕೊಂಡು, ಒಳಗೊಳಗೇ ಕುದಿದು, ಕೊನೆಗೊಂದು ದಿನ ಯಾರೂ ನಿರೀಕ್ಷಿಸದ ರೀತಿಯಲ್ಲಿ ಸಿಡಿಯುವವರೂ ಇದ್ದಾರೆ. ಮೊದಲನೆಯವರ ತಪ್ಪು ಎಲ್ಲರಿಗೂ ಕಾಣುತ್ತದೆ. ಎರಡನೆಯವರದು ಸದ್ಗುಣದಂತೆ ತೋರುವುದರಿಂದ ಅದನ್ನು ಗುರುತಿಸುವುದು ಕಷ್ಟ. ಆದ್ದರಿಂದ ಕೆಳಗಿನ ಉತ್ತರಗಳು ಹೆಚ್ಚಾಗಿ ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡಿವೆ.

ಯಾರನ್ನು "ಕಷ್ಟದ ವ್ಯಕ್ತಿ" ಎಂದು ಪರಿಗಣಿಸಬೇಕು?

ಈ ಮಾತನ್ನು ಯಾರ ಮೇಲಾದರೂ ಪ್ರಯೋಗಿಸುವ ಮೊದಲು ತುಸು ತಡೆಯುವುದು ಒಳ್ಳೆಯದು. ಒಮ್ಮೆ ಹಣೆಪಟ್ಟಿ ಅಂಟಿಸಿದ ಮೇಲೆ ಆ ವ್ಯಕ್ತಿ ಏನು ಮಾಡಿದರೂ ನಾವು ಅದರಲ್ಲಿ ಹಣೆಪಟ್ಟಿಗೆ ಪುರಾವೆಯನ್ನೇ ಹುಡುಕುತ್ತೇವೆ. ಮೀಟಿಂಗಿನಲ್ಲಿ ನಿಮ್ಮ ಯೋಜನೆಯ ಲೋಪವನ್ನು ಎತ್ತಿ ತೋರಿಸುವವರು, ಹೆಚ್ಚು ಪ್ರಶ್ನೆ ಕೇಳುವವರು, ನಗುನಗುತ್ತಾ ಮಾತನಾಡಲು ಬಾರದವರು, ಇವರ್‍ಯಾರೂ ಅಷ್ಟರಿಂದಲೇ ಕಷ್ಟದ ವ್ಯಕ್ತಿಗಳಾಗುವುದಿಲ್ಲ. ಹಾಗೆ ನೋಡಿದರೆ, ತನ್ನ ಮಾತಿಗೆ ಎದುರಾಡದವರನ್ನಷ್ಟೇ ಒಳ್ಳೆಯ ಕೆಲಸಗಾರರೆಂದು ಎಣಿಸುವ ಮುಖ್ಯಸ್ಥನಿಗೆ ಸತ್ಯ ಹೇಳುವವರೇ ಉಳಿಯುವುದಿಲ್ಲ.

ಅಪೊಸ್ತಲ ಪೌಲನು ಥೆಸಲೊನೀಕದ ಕ್ರೈಸ್ತ ಸಭೆಗೆ ಬರೆದ ಮೊದಲ ಪತ್ರದಲ್ಲಿ (5:14) ಒಂದೇ ವಾಕ್ಯದಲ್ಲಿ ಮೂರು ಬಗೆಯ ಜನರನ್ನು ಬೇರೆ ಬೇರೆಯಾಗಿ ಹೆಸರಿಸುತ್ತಾನೆ: ಅಕ್ರಮವಾಗಿ ನಡೆಯುವವರಿಗೆ ಬುದ್ಧಿ ಹೇಳಬೇಕು, ಮನಗುಂದಿದವರನ್ನು ಧೈರ್ಯಪಡಿಸಬೇಕು, ಬಲಹೀನರಿಗೆ ಆಧಾರವಾಗಬೇಕು. ಎಲ್ಲರ ವಿಷಯದಲ್ಲಿಯೂ ದೀರ್ಘಶಾಂತಿ ಇರಬೇಕು ಎಂದು ಅದಕ್ಕೆ ಸೇರಿಸುತ್ತಾನೆ. ತಂಡ ನಡೆಸುವವರಿಗೆ ಇದಕ್ಕಿಂತ ಉಪಯುಕ್ತವಾದ ವಾಕ್ಯ ಸಿಗುವುದು ಅಪರೂಪ. ಹೊರಗಿನಿಂದ ನೋಡಿದರೆ ಈ ಮೂವರೂ ಒಂದೇ ರೀತಿ ಕಾಣಬಹುದು. ಮೂವರ ಕೆಲಸವೂ ಗಡುವಿಗೆ ಮುಗಿದಿರುವುದಿಲ್ಲ. ಆದರೆ ಒಬ್ಬರಿಗೆ ಇಚ್ಛೆಯಿಲ್ಲ, ಇನ್ನೊಬ್ಬರಿಗೆ ಹಿಂದಿನ ಅವಮಾನವೊಂದರಿಂದ ಧೈರ್ಯವೇ ಕುಸಿದಿದೆ, ಮತ್ತೊಬ್ಬರಿಗೆ ಆ ಕೆಲಸವನ್ನು ಯಾರೂ ಸರಿಯಾಗಿ ಕಲಿಸಿಲ್ಲ. ಮನಗುಂದಿದವರಿಗೆ ಎಚ್ಚರಿಕೆ ಕೊಟ್ಟರೆ ಅವರು ಇನ್ನಷ್ಟು ಕುಗ್ಗುತ್ತಾರೆ. ಉದ್ದೇಶಪೂರ್ವಕವಾಗಿ ಕೆಲಸ ತಪ್ಪಿಸುವವರಿಗೆ ಸಾಂತ್ವನ ಹೇಳಿದರೆ ಅವರು ಅದನ್ನು ಅನುಮತಿ ಎಂದು ಭಾವಿಸುತ್ತಾರೆ. 590ರಲ್ಲಿ ಪೋಪ್ ಪದವಿಗೇರಿದ ಮಹಾ ಗ್ರೆಗೊರಿಯು ಸಭಾಪಾಲಕರಿಗಾಗಿ ಬರೆದ ಕೈಪಿಡಿಯ ಮೂರನೆಯ ಭಾಗವನ್ನು ಬಹುಮಟ್ಟಿಗೆ ಇದಕ್ಕೇ ಮೀಸಲಿಟ್ಟನು: ಮಾತುಗಾರರಿಗೆ ಒಂದು ಬಗೆಯಲ್ಲಿ, ಮೌನಿಗಳಿಗೆ ಇನ್ನೊಂದು ಬಗೆಯಲ್ಲಿ, ಸೋಮಾರಿಗಳಿಗೆ ಒಂದು ಬಗೆಯಲ್ಲಿ, ಆತುರಗಾರರಿಗೆ ಮತ್ತೊಂದು ಬಗೆಯಲ್ಲಿ ಬುದ್ಧಿ ಹೇಳಬೇಕೆಂದು ಅವನು ಜೋಡಿ ಜೋಡಿಯಾಗಿ ವಿವರಿಸುತ್ತಾನೆ. ನಿಮ್ಮ ಮುಂದಿರುವವರು ಇವರಲ್ಲಿ ಯಾರು ಎಂದು ತಿಳಿಯದೆ ಮುಂದಿನ ಯಾವ ಹೆಜ್ಜೆಯನ್ನೂ ಸರಿಯಾಗಿ ಇಡಲಾಗದು.

ಕೃಪೆ ತೋರಿಸುವುದೆಂದರೆ ತಪ್ಪನ್ನು ಕಂಡೂ ಕಾಣದಂತಿರುವುದೇ?

ಅಲ್ಲವೇ ಅಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಯಾಜಕಕಾಂಡ 19:18ರಲ್ಲಿದೆ ಎಂಬುದು ಹಲವರಿಗೆ ಗೊತ್ತು. ಅದರ ಹಿಂದಿನ ವಚನವು ನೆರೆಯವನನ್ನು ಮನಸ್ಸಿನಲ್ಲಿ ದ್ವೇಷಿಸದೆ, ಅವನ ತಪ್ಪನ್ನು ಅವನಿಗೇ ನೇರವಾಗಿ ತಿಳಿಸಬೇಕೆಂದೂ, ಇಲ್ಲವಾದರೆ ಅವನ ದೋಷದಲ್ಲಿ ನೀನೂ ಪಾಲುಗಾರನಾಗುವೆ ಎಂದೂ ಹೇಳುತ್ತದೆ. ಮೋಶೆಯ ಧರ್ಮಶಾಸ್ತ್ರದಲ್ಲಿ ಪ್ರೀತಿಯ ಆಜ್ಞೆಯೂ ತಿದ್ದುವ ಆಜ್ಞೆಯೂ ಹೀಗೆ ಒಂದಕ್ಕೊಂದು ಅಂಟಿಕೊಂಡೇ ಬಂದಿವೆ. ಕ್ರಿಸ್ತನ ಬಗ್ಗೆ ಯೋಹಾನನು ಹೇಳುವಾಗಲೂ (1:14) ಕೃಪೆ ಮತ್ತು ಸತ್ಯ ಎರಡರಿಂದಲೂ ತುಂಬಿದ್ದನು ಎನ್ನುತ್ತಾನೆ. ಜರ್ಮನಿಯ ಪಾದ್ರಿ ಡೀಟ್ರಿಚ್ ಬೊನ್‌ಹೋಫರ್ 1937ರಲ್ಲಿ, ಪಶ್ಚಾತ್ತಾಪವನ್ನು ಕೇಳದೆ ಕ್ಷಮೆಯನ್ನು ಹಂಚುವುದನ್ನು "ಅಗ್ಗದ ಕೃಪೆ" ಎಂದು ಕರೆದು ಅದನ್ನು ಸಭೆಯ ಶತ್ರು ಎಂದರು.

ಕಚೇರಿಯಲ್ಲಿ ಅಗ್ಗದ ಕೃಪೆಯ ಬೆಲೆಯನ್ನು ತೆರುವವರು ಬೇರೆಯವರು. ಒಬ್ಬರು ಮಾಡದೆ ಬಿಟ್ಟ ಕೆಲಸವನ್ನು ರಾತ್ರಿಯವರೆಗೆ ಕುಳಿತು ಮುಗಿಸುವ ಸಹೋದ್ಯೋಗಿ, ಒಬ್ಬರ ಕೊಂಕು ಮಾತಿಗೆ ಹೆದರಿ ಮೀಟಿಂಗಿನಲ್ಲಿ ಬಾಯಿ ತೆರೆಯದ ಹೊಸಬರು, ಇವರ ಖರ್ಚಿನಲ್ಲಿ ನಾವು ಉದಾರಿಗಳಾಗಿರುತ್ತೇವೆ. ಇದು ನನಗೆ ಬಹಳ ಗಂಭೀರವಾದ ವಿಷಯವೆನಿಸುತ್ತದೆ. ತಾಳ್ಮೆ ನಮ್ಮದಾಗಿದ್ದರೆ ಅದರ ನಷ್ಟವನ್ನೂ ನಾವೇ ಹೊರಬೇಕು.

ಹಾಗಾದರೆ ಕಟ್ಟುನಿಟ್ಟಾದ ಮ್ಯಾನೇಜರಿಗೂ ಕೃಪೆಯುಳ್ಳ ಮ್ಯಾನೇಜರಿಗೂ ಏನು ವ್ಯತ್ಯಾಸ?

ಇಬ್ಬರೂ ಒಂದೇ ಮಾತನ್ನು ಹೇಳಬಹುದು, ಒಂದೇ ಕ್ರಮವನ್ನು ಕೈಗೊಳ್ಳಬಹುದು. ಆ ಮಾತಿನ ಕೊನೆಯಲ್ಲಿ ಎದುರಿಗಿರುವವರು ಏನಾಗಬೇಕೆಂದು ನೀವು ಬಯಸುತ್ತೀರಿ ಎಂಬಲ್ಲಿ ವ್ಯತ್ಯಾಸವಿದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ (6:1) ಪೌಲನು ತಪ್ಪಿನಲ್ಲಿ ಸಿಕ್ಕಿಬಿದ್ದವರನ್ನು ಶಾಂತಭಾವದಿಂದ ಸರಿಯಾದ ಸ್ಥಿತಿಗೆ ತರಬೇಕೆಂದು ಹೇಳುತ್ತಾನೆ. ಅಲ್ಲಿ ಬಳಸಿದ ಕ್ರಿಯೆ ದಂಡಿಸುವುದಲ್ಲ, ಸರಿಪಡಿಸುವುದು. ಆ ವ್ಯಕ್ತಿ ನಾಳೆ ಚೆನ್ನಾಗಿ ಕೆಲಸ ಮಾಡಿದರೆ ನಿಮಗೆ ಸಂತೋಷವಾಗುತ್ತದೆಯೇ, ಅಥವಾ "ನಾನು ಹೇಳಿದ್ದೇ ನಿಜವಾಗಬೇಕಿತ್ತು" ಎಂಬ ಸಣ್ಣ ನಿರಾಸೆಯಾಗುತ್ತದೆಯೇ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ನಿಮ್ಮ ಮನಸ್ಸು ಎಲ್ಲಿದೆ ಎಂದು ತಿಳಿಯುತ್ತದೆ.

ಮಾತನಾಡುವ ಮೊದಲು ನಾನು ಏನು ಸಿದ್ಧತೆ ಮಾಡಿಕೊಳ್ಳಬೇಕು?

ನಿಮ್ಮ ಕಣ್ಣಿನಲ್ಲಿರುವ ತೊಲೆಯನ್ನು ಮೊದಲು ತೆಗೆಯಿರಿ ಎಂದು ಕರ್ತನು ಹೇಳಿದ್ದನ್ನು (ಮತ್ತಾಯ 7:3-5) ಕೆಲವರು ಯಾರನ್ನೂ ತಿದ್ದಬಾರದೆಂಬ ಅರ್ಥದಲ್ಲಿ ಉಲ್ಲೇಖಿಸುತ್ತಾರೆ. ಆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ತೊಲೆಯನ್ನು ತೆಗೆದ ಮೇಲೆ ಸಹೋದರನ ಕಣ್ಣಿನ ರವೆಯನ್ನು ತೆಗೆಯಲು ಚೆನ್ನಾಗಿ ಕಾಣಿಸುವುದು ಎಂದು ಮುಂದುವರಿಯುತ್ತದೆ. ಕೆಲಸದ ಸಂದರ್ಭದಲ್ಲಿ ತೊಲೆಯನ್ನು ಹುಡುಕುವುದು ತೀರ ಪ್ರಾಯೋಗಿಕವಾದ ಕೆಲಸ. ನಾನು ಕೊಟ್ಟ ಸೂಚನೆ ಸ್ಪಷ್ಟವಾಗಿತ್ತೇ? ಒಂದೇ ವಾರದಲ್ಲಿ ಆದ್ಯತೆಗಳನ್ನು ಎರಡು ಮೂರು ಸಲ ಬದಲಿಸಿದೆನೇ? ಈ ನಡತೆಯನ್ನು ಹಿಂದೆ ಹಲವು ಸಲ ನೋಡಿ ಸುಮ್ಮನಿದ್ದು, ಈಗ ಇದ್ದಕ್ಕಿದ್ದಂತೆ ತಪ್ಪೆನ್ನುತ್ತಿದ್ದೇನೆಯೇ? ನನಗೆ ಇಷ್ಟವಾದ ಇನ್ನೊಬ್ಬರು ಇದನ್ನೇ ಮಾಡಿದಾಗ ಏನೂ ಹೇಳದೆ ಬಿಟ್ಟಿದ್ದೆನೇ? ಇವುಗಳಲ್ಲಿ ಯಾವುದಾದರೂ ನಿಜವಾಗಿದ್ದರೆ ಮಾತುಕತೆಯನ್ನು ಅದರಿಂದಲೇ ಆರಂಭಿಸಬೇಕು.

ಎರಡನೆಯದು, ಕೇಳಿದ್ದನ್ನು ಪರಿಶೀಲಿಸುವುದು. ಮೊದಲು ವಾದಿಸುವವನು ನ್ಯಾಯವಂತನಂತೆ ಕಾಣುತ್ತಾನೆ, ಪ್ರತಿವಾದಿ ಬಂದು ಪ್ರಶ್ನಿಸುವ ತನಕ ಮಾತ್ರ ಎಂಬುದು ಜ್ಞಾನೋಕ್ತಿಗಳ (18:17) ತಿಳುವಳಿಕೆ. ಚಾಡಿಯ ಮಾತನ್ನು ಆಧಾರವಾಗಿಟ್ಟುಕೊಂಡು ಯಾರನ್ನೂ ಕರೆಸಬಾರದು. ಮೂರನೆಯದು, ಆ ವ್ಯಕ್ತಿಗಾಗಿ ಪ್ರಾರ್ಥಿಸುವುದು. "ಕರ್ತನೇ, ಅವರನ್ನು ಬದಲಿಸು" ಎಂಬ ಪ್ರಾರ್ಥನೆ ಸಾಲದು; ಅವರ ಮನೆ, ಆರೋಗ್ಯ, ಭಯಗಳು, ಒಳ್ಳೆಯ ಗುಣಗಳು ಇವುಗಳನ್ನೂ ಹೆಸರಿಸಿ ಕೆಲವು ದಿನ ಪ್ರಾರ್ಥಿಸಿದರೆ, ಅವರನ್ನು ಬರೀ ಸಮಸ್ಯೆಯಾಗಿ ಕಾಣುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಮೊದಲ ಮಾತುಕತೆಯನ್ನು ಹೇಗೆ ನಡೆಸಬೇಕು?

ಮತ್ತಾಯ 18:15-17ರಲ್ಲಿ ಯೇಸು ಹೇಳಿಕೊಟ್ಟ ಕ್ರಮವು ಸಭೆಯ ಸಹೋದರರಿಗಾಗಿ ಇರುವಂಥದ್ದಾದರೂ, ಅದರ ಹಿಂದಿನ ಮರ್ಯಾದೆ ಎಲ್ಲ ಕಡೆಗೂ ಸಲ್ಲುತ್ತದೆ. ಮೊದಲು ಇಬ್ಬರೇ ಇರುವಾಗ ತಿಳಿಸಬೇಕು. ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಗೆ ಹೇಳಬೇಕು. ತಪ್ಪು ತಿಳಿದವರ ಸಂಖ್ಯೆ ಸಾಧ್ಯವಾದಷ್ಟು ಚಿಕ್ಕದಾಗಿಯೇ ಉಳಿಯಬೇಕೆಂಬ ಕಾಳಜಿ ಈ ಕ್ರಮದಲ್ಲಿದೆ. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ: ಮೊದಲು ಇಡೀ ಕಚೇರಿಗೆ ಗೊತ್ತಾಗುತ್ತದೆ, ಆಮೇಲೆ ಮಾನವ ಸಂಪನ್ಮೂಲ ವಿಭಾಗಕ್ಕೆ, ಎಲ್ಲಕ್ಕಿಂತ ಕೊನೆಗೆ ಆ ವ್ಯಕ್ತಿಗೆ.

ಸಮಯವನ್ನು ಮೊದಲೇ ತಿಳಿಸಿ, ವಿಷಯವೇನೆಂದು ಒಂದು ಸಾಲಿನಲ್ಲಿ ಹೇಳಿ ಕರೆಯಿರಿ; ಕಾರಣ ಹೇಳದೆ "ಸ್ವಲ್ಪ ಮಾತನಾಡಬೇಕು" ಎಂದು ಸಂದೇಶ ಕಳುಹಿಸಿ ಒಂದು ಇಡೀ ದಿನ ಕಾಯಿಸುವುದು ಕ್ರೂರವಾದದ್ದು. ಎದುರಿಗೆ ಕುಳಿತ ಮೇಲೆ ಪೀಠಿಕೆಯನ್ನು ಬಹಳ ಬೆಳೆಸಬೇಡಿ. ಸ್ವಭಾವದ ಬಗ್ಗೆ ಮಾತನಾಡದೆ ನಡೆದದ್ದನ್ನು ಹೇಳಿ. "ನಿಮಗೆ ಯಾರ ಮೇಲೂ ಗೌರವವಿಲ್ಲ" ಎಂದರೆ ಅವರು ತಮ್ಮ ಇಡೀ ವ್ಯಕ್ತಿತ್ವವನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. "ಮಂಗಳವಾರದ ಮೀಟಿಂಗಿನಲ್ಲಿ ಹೊಸ ಸಹೋದ್ಯೋಗಿ ಮಾತನಾಡುತ್ತಿದ್ದಾಗ ನೀವು ಎರಡು ಬಾರಿ ಮಧ್ಯೆ ತಡೆದಿರಿ, ಆನಂತರ ಅವರು ಒಂದು ಮಾತನ್ನೂ ಆಡಲಿಲ್ಲ" ಎಂದರೆ ಅದು ನಡೆದಿದೆಯೇ ಇಲ್ಲವೇ ಎಂದು ಇಬ್ಬರೂ ಸೇರಿ ನೋಡಬಹುದು. ಆಮೇಲೆ ನಿಲ್ಲಿಸಿ, ಕೇಳಿ. ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವುದು ಮೂರ್ಖತನವೂ ಅವಮಾನವೂ ಆಗಿದೆ ಎಂದು ಜ್ಞಾನೋಕ್ತಿ 18:13 ಎಚ್ಚರಿಸುತ್ತದೆ. ಆ ಮೌನದಲ್ಲಿ ಎಷ್ಟೋ ಸಲ ನೀವು ಊಹಿಸಿರದ ಸಂಗತಿ ಹೊರಬರುತ್ತದೆ: ಮನೆಯಲ್ಲಿ ಕಾಯಿಲೆ, ಬೇರೆ ವಿಭಾಗದಿಂದ ಬರುತ್ತಿರುವ ಒತ್ತಡ, ಹಿಂದಿನ ಮುಖ್ಯಸ್ಥರು ಕೊಟ್ಟು ಉಳಿಸಿಕೊಳ್ಳದ ಮಾತು. ಅದು ತಪ್ಪನ್ನು ಅಳಿಸದಿದ್ದರೂ, ಮುಂದೆ ಏನು ಮಾಡಬೇಕೆಂಬುದನ್ನು ಬದಲಿಸಬಹುದು.

ಕೊನೆಯಲ್ಲಿ ಮೂರು ವಿಷಯಗಳು ಸ್ಪಷ್ಟವಾಗಿರಲಿ: ಏನು ಬದಲಾಗಬೇಕು, ಅದಕ್ಕೆ ನೀವು ಏನು ಸಹಾಯ ಮಾಡುತ್ತೀರಿ, ಮತ್ತೆ ಯಾವಾಗ ಕುಳಿತು ನೋಡುತ್ತೀರಿ. ಆ ದಿನ ಬಂದಾಗ ತಪ್ಪದೆ ಕುಳಿತುಕೊಳ್ಳಿ. ಹೇಳಿದ ದಿನವನ್ನು ಮುಖ್ಯಸ್ಥರೇ ಮರೆತರೆ ಮೊದಲು ಆಡಿದ ಮಾತಿಗೆಲ್ಲ ತೂಕ ಕಡಿಮೆಯಾಗುತ್ತದೆ.

ಎಲ್ಲರ ಮುಂದೆ ತಿದ್ದುವುದು ಎಂದಿಗೂ ತಪ್ಪೇ?

ಬಹುತೇಕ ಯಾವಾಗಲೂ ತಪ್ಪೇ. ಆದರೆ ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರಾದ (ಯೆಹೂದ್ಯರಲ್ಲದ) ವಿಶ್ವಾಸಿಗಳೊಂದಿಗೆ ಊಟ ಮಾಡುವುದನ್ನು ನಿಲ್ಲಿಸಿ ಹಿಂದೆ ಸರಿದಾಗ ಪೌಲನು ಎಲ್ಲರ ಮುಂದೆಯೇ ಅವನನ್ನು ಎದುರಿಸಿದನು (ಗಲಾತ್ಯ 2:11-14), ಏಕೆಂದರೆ ಗಾಯವೂ ಎಲ್ಲರ ಮುಂದೆಯೇ ಆಗಿತ್ತು, ಉಳಿದವರೂ ಅವನನ್ನು ಅನುಸರಿಸತೊಡಗಿದ್ದರು. ಮೀಟಿಂಗಿನಲ್ಲಿ ಒಬ್ಬರು ಇನ್ನೊಬ್ಬರನ್ನು ಹೀನಾಯವಾಗಿ ಮಾತನಾಡಿದರೆ ಮುಖ್ಯಸ್ಥರು ಅಲ್ಲಿಯೇ, ಒಂದೇ ವಾಕ್ಯದಲ್ಲಿ, ದನಿ ಏರಿಸದೆ ತಡೆಯಬೇಕು. ಉಳಿದ ಮಾತು ಆಮೇಲೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ.

ಕೋಪ ಬಂದಾಗ ಏನು ಮಾಡಬೇಕು? ಕ್ರೈಸ್ತ ನಾಯಕನು ಕೋಪಗೊಳ್ಳಬಹುದೇ?

ಯೆರೂಸಲೇಮಿನ ಗೋಡೆಯನ್ನು ಕಟ್ಟಿಸುತ್ತಿದ್ದ ನೆಹೆಮೀಯನಿಗೆ, ಶ್ರೀಮಂತರು ತಮ್ಮ ಜನರಿಂದಲೇ ಬಡ್ಡಿ ಕಿತ್ತು, ಅವರ ಹೊಲಗಳನ್ನೂ ಮಕ್ಕಳನ್ನೂ ಒತ್ತೆಯಿಟ್ಟುಕೊಂಡಿದ್ದಾರೆಂದು ತಿಳಿದಾಗ ಬಹಳ ಕೋಪ ಬಂತು. ಅವನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೋಪಕ್ಕೂ ಗದರಿಕೆಗೂ ನಡುವೆ ಒಂದು ಸಣ್ಣ ವಾಕ್ಯವಿದೆ: ತನ್ನಲ್ಲೇ ಆಲೋಚಿಸಿಕೊಂಡೆನು ಎಂದು ಅವನು ಬರೆಯುತ್ತಾನೆ (5:7). ಆನಂತರ ಅವನು ಹೋಗಿ ಮುಖಂಡರನ್ನು ನೇರವಾಗಿ ತರಾಟೆಗೆ ತೆಗೆದುಕೊಂಡನು. ಅವರು ತೆಗೆದುಕೊಂಡದ್ದನ್ನು ಹಿಂದಿರುಗಿಸಲು ಒಪ್ಪಿದರು. ಬಡವರ ಪರವಾಗಿ ಬಂದ ಕೋಪವಾದ್ದರಿಂದ ಅದು ಬಡವರಿಗೆ ಪ್ರಯೋಜನವಾಗುವ ಹಾಗೆ ಖರ್ಚಾಯಿತು.

ನಮ್ಮ ಕೋಪದ ಹೆಚ್ಚಿನ ಪಾಲು ಅಂಥದ್ದಲ್ಲ. ನಮ್ಮ ಮಾತಿಗೆ ಬೆಲೆ ಸಿಗಲಿಲ್ಲವೆಂಬುದರಿಂದ ಹುಟ್ಟಿದ್ದು. ಆದ್ದರಿಂದ ಸಿಟ್ಟಿನಲ್ಲಿ ಬರೆದ ಇಮೇಲನ್ನು ಅಂದೇ ಕಳುಹಿಸಬಾರದು. ಅದೇ ವೇಳೆಗೆ, ಸೂರ್ಯನು ಮುಳುಗುವ ತನಕ ಸಿಟ್ಟು ಉಳಿಯಬಾರದೆಂಬ ಮಾತೂ (ಎಫೆಸ 4:26) ಇದೆ. ಆಲೋಚಿಸುವುದಕ್ಕಾಗಿ ತಡ ಮಾಡುವುದು ಬೇರೆ. ವಾರಗಟ್ಟಲೆ ಮಾತು ಬಿಟ್ಟು, ಮುಖ ತಿರುಗಿಸಿ ಶಿಕ್ಷಿಸುವುದು ಬೇರೆ. ಎರಡನೆಯದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತದೆ.

ಮಾತನಾಡಿದ ಮೇಲೂ ಬದಲಾಗದಿದ್ದರೆ? ಯೇಸು ಹೇಳಿದಂತೆ ಏಳೆಪ್ಪತ್ತು ಸಾರಿ ಕ್ಷಮಿಸಬೇಕಲ್ಲವೇ?

ಕ್ಷಮಿಸಬೇಕು. ಆದರೆ ಕ್ಷಮೆ, ನಂಬಿಕೆ, ಜವಾಬ್ದಾರಿ ಇವು ಮೂರೂ ಬೇರೆ ಬೇರೆ ಎಂಬುದನ್ನು ತಿಳಿಯದೆ ಅನೇಕರು ತೊಂದರೆಗೆ ಒಳಗಾಗುತ್ತಾರೆ. ಕ್ಷಮೆಯು ನಿಮ್ಮ ಮನಸ್ಸಿನಲ್ಲಿರುವ ಸಾಲವನ್ನು ಬಿಟ್ಟುಬಿಡುವುದು. ಅದಕ್ಕೆ ಎದುರಿನವರ ಯೋಗ್ಯತೆ ಬೇಕಿಲ್ಲ. ನಂಬಿಕೆಯು ಕಾಲಕ್ರಮದಲ್ಲಿ ನಡತೆಯಿಂದ ಮತ್ತೆ ಕಟ್ಟಲ್ಪಡಬೇಕಾದದ್ದು. ಜವಾಬ್ದಾರಿ ಇಡೀ ತಂಡದ ಹಿತಕ್ಕೆ ಸಂಬಂಧಿಸಿದ್ದು. ಅದನ್ನು ಯಾರಿಗೆ ಕೊಡಬೇಕೆಂಬುದು ನಿಮ್ಮ ವೈಯಕ್ತಿಕ ಔದಾರ್ಯದ ವಿಷಯವಲ್ಲ.

ಯೋಸೇಫನ ಕಥೆಯನ್ನು ಗಮನವಿಟ್ಟು ಓದಿ. ತನ್ನನ್ನು ಮಾರಿಬಿಟ್ಟ ಅಣ್ಣಂದಿರು ಧಾನ್ಯಕ್ಕಾಗಿ ಐಗುಪ್ತಕ್ಕೆ ಬಂದಾಗ ಅವನು ಅವರಿಗೆ ಧಾನ್ಯವನ್ನೂ ಕೊಟ್ಟನು, ಹಣವನ್ನೂ ಅವರ ಚೀಲದಲ್ಲೇ ಹಿಂದಿರುಗಿಸಿದನು. ಆದರೂ ತಾನು ಯಾರೆಂದು ಕೂಡಲೇ ಹೇಳಲಿಲ್ಲ. ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಬಟ್ಟಲನ್ನು ಇಡಿಸಿ, ಅಣ್ಣಂದಿರು ಕಿರಿಯವನನ್ನು ಮತ್ತೊಮ್ಮೆ ಕೈಬಿಡುತ್ತಾರೆಯೇ ಎಂದು ನೋಡಿದನು. ಹಿಂದೆ ಯೋಸೇಫನನ್ನು ಮಾರಲು ಸಲಹೆ ಕೊಟ್ಟಿದ್ದ ಯೆಹೂದನೇ ಈಗ ತಮ್ಮನ ಬದಲಿಗೆ ತಾನು ದಾಸನಾಗಿರುವೆನೆಂದು ಮುಂದೆ ಬಂದ ಮೇಲೆ (ಆದಿಕಾಂಡ 44:33) ಯೋಸೇಫನು ಅತ್ತು ತನ್ನನ್ನು ತೋರ್ಪಡಿಸಿಕೊಂಡನು. ಅವರ ಹೊಟ್ಟೆಗೆ ಬೇಕಾದದ್ದನ್ನು ಅವನು ಅವರು ಮೊದಲ ಸಲ ಬಂದಾಗಲೇ ಕೊಟ್ಟನು. ತನ್ನನ್ನು ಅವರ ಕೈಗೆ ಒಪ್ಪಿಸಲು ಮಾತ್ರ ಅವರ ಬದಲಾವಣೆಗಾಗಿ ಕಾದನು.

ಹಾಗೆಯೇ, ಮತ್ತೆ ಮತ್ತೆ ಗಡುವು ತಪ್ಪಿಸಿದವರ ಮೇಲೆ ನಿಮಗೆ ಹಗೆ ಇಲ್ಲದಿದ್ದರೂ ಮುಂದಿನ ಮುಖ್ಯ ಕೆಲಸವನ್ನು ಅವರಿಗೆ ವಹಿಸದಿರುವುದು ಸರಿಯೇ. ಅದನ್ನು ಗುಟ್ಟಾಗಿ ಮಾಡದೆ, ಕಾರಣವನ್ನು ಹೇಳಿ, ನಂಬಿಕೆಯನ್ನು ಮರಳಿ ಗಳಿಸುವ ದಾರಿ ಯಾವುದೆಂದು ತೋರಿಸಿ.

ತಪ್ಪುಗಳನ್ನು ಬರೆದಿಡುವುದು ಪ್ರೀತಿಗೆ ವಿರುದ್ಧವಲ್ಲವೇ? ಪ್ರೀತಿ ಅಪಕಾರವನ್ನು ಲೆಕ್ಕವಿಡುವುದಿಲ್ಲ ಎಂದಿದೆಯಲ್ಲ?

ಮನಸ್ಸಾಕ್ಷಿಯುಳ್ಳವರು ಕೇಳುವ ಪ್ರಶ್ನೆ ಇದು. 1 ಕೊರಿಂಥ 13:5 ನಿಷೇಧಿಸುವುದು ಹಗೆಯ ಲೆಕ್ಕವನ್ನು, ಅಂದರೆ ಒಂದು ದಿನ ತೀರಿಸಿಕೊಳ್ಳುವುದಕ್ಕಾಗಿ ಒಳಗೆ ಕೂಡಿಡುವುದನ್ನು. ಇನ್ನೊಂದು ಕಡೆ, ಇಬ್ಬರು ಮೂವರ ಸಾಕ್ಷಿಯಿಲ್ಲದೆ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸಬಾರದೆಂದು ಧರ್ಮೋಪದೇಶಕಾಂಡ 19:15 ವಿಧಿಸುತ್ತದೆ. ಲಿಖಿತ ದಾಖಲೆಯು ಇಂದಿನ ಕಚೇರಿಯಲ್ಲಿ ಬಹುಮಟ್ಟಿಗೆ ಆ ಸಾಕ್ಷಿಯ ಕೆಲಸವನ್ನು ಮಾಡುತ್ತದೆ. ಮುಖ್ಯಸ್ಥರ ಆ ಹೊತ್ತಿನ ಸಿಟ್ಟಿನಿಂದ ಕೆಲಸಗಾರನನ್ನೇ ಅದು ಕಾಪಾಡುತ್ತದೆ. ವ್ಯತ್ಯಾಸ ತಿಳಿಯಲು ಒಂದು ಸರಳ ಪರೀಕ್ಷೆಯಿದೆ: ನೀವು ಬರೆದಿಟ್ಟದ್ದನ್ನು ಆ ವ್ಯಕ್ತಿಗೆ ಇಂದೇ ತೋರಿಸಬಲ್ಲಿರಾ? ಪ್ರತಿ ಮಾತುಕತೆಯ ನಂತರ ಏನು ತೀರ್ಮಾನವಾಯಿತೆಂದು ಅವರಿಗೇ ಒಂದು ಚಿಕ್ಕ ಇಮೇಲ್ ಕಳುಹಿಸಿ, ಅವರು ಸುಧಾರಿಸಿದ್ದನ್ನೂ ಅದೇ ಕಡತದಲ್ಲಿ ದಾಖಲಿಸಿ. ತಪ್ಪುಗಳನ್ನು ಮಾತ್ರ ಬರೆದಿಡುವ ಕಡತ ಸುಳ್ಳು ಸಾಕ್ಷಿಗೆ ಹತ್ತಿರವಾದದ್ದು.

ತಂಡದ ಇಬ್ಬರ ನಡುವೆ ಜಗಳವಿದ್ದರೆ ನಾನು ಮಧ್ಯೆ ಹೋಗಬೇಕೇ?

ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ಹೋಗಲೇಬೇಕು. ಫಿಲಿಪ್ಪಿಯ ಸಭೆಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರ ನಡುವೆ ಮನಸ್ತಾಪ ಬಂದಾಗ ಪೌಲನು (4:2-3) ಇಬ್ಬರಿಗೂ ಒಂದೇ ಕ್ರಿಯಾಪದದಿಂದ ಬೇಡಿಕೊಳ್ಳುತ್ತಾನೆ, ಇಬ್ಬರೂ ಸುವಾರ್ತೆಗಾಗಿ ತನ್ನೊಂದಿಗೆ ಶ್ರಮಪಟ್ಟವರೆಂದು ನೆನಪಿಸುತ್ತಾನೆ, ಮತ್ತು ಅವರಿಗೆ ನೆರವಾಗುವಂತೆ ಮೂರನೆಯ ವ್ಯಕ್ತಿಯೊಬ್ಬನನ್ನು ಕೇಳಿಕೊಳ್ಳುತ್ತಾನೆ. ಯಾರದ್ದು ತಪ್ಪೆಂದು ಅವನು ಅಲ್ಲಿ ಬರೆಯುವುದಿಲ್ಲ. ಒಬ್ಬರ ದೂರನ್ನು ಕೇಳಿ ತಲೆಯಾಡಿಸಿ, ಮತ್ತೊಬ್ಬರ ದೂರಿಗೂ ಹಾಗೆಯೇ ತಲೆಯಾಡಿಸುವ ಮುಖ್ಯಸ್ಥರು ಶಾಂತಿಯನ್ನು ಕಾಯುತ್ತಿಲ್ಲ, ಜಗಳಕ್ಕೆ ಉರುವಲು ಹಾಕುತ್ತಿದ್ದಾರೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ.

ತಂಡದಲ್ಲಿ ಬೇರೆ ನಂಬಿಕೆಯವರಿದ್ದಾರೆ. ಅವರೊಂದಿಗೆ ವಾಕ್ಯವನ್ನು ಉಲ್ಲೇಖಿಸಿ ಮಾತನಾಡಬಹುದೇ?

ತಿದ್ದುವ ಮಾತುಕತೆಯಲ್ಲಿ ಬೇಡ. ಸಂಬಳ, ಬಡ್ತಿ, ರಜೆ ಎಲ್ಲವೂ ನಿಮ್ಮ ಸಹಿಯನ್ನು ಅವಲಂಬಿಸಿರುವಾಗ ಎದುರಿನವರಿಗೆ ನಿಮ್ಮ ಮಾತನ್ನು ತಳ್ಳಿಹಾಕುವ ಸ್ವಾತಂತ್ರ್ಯ ಇರುವುದಿಲ್ಲ. ಆ ಸ್ಥಿತಿಯಲ್ಲಿ ಹೇಳಿದ ಸುವಾರ್ತೆ ಆಜ್ಞೆಯಂತೆ ಕೇಳಿಸುತ್ತದೆ. ಕೈಕೆಳಗಿನವರಿಗೆ ನ್ಯಾಯವಾದದ್ದನ್ನೂ ಸಮವಾದದ್ದನ್ನೂ ಕೊಡಿರಿ, ಪರಲೋಕದಲ್ಲಿ ನಿಮಗೂ ಯಜಮಾನನಿದ್ದಾನೆ ಎಂದು ಕೊಲೊಸ್ಸೆ 4:1 ಹೇಳುತ್ತದೆ. ಅವರಿಗೆ ನಿಮ್ಮ ನಂಬಿಕೆಯ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿ ಈ ಸಮತೆ. ಅವರಾಗಿಯೇ ಕೇಳಿದರೆ ಸಂತೋಷದಿಂದ, ಚಿಕ್ಕದಾಗಿ ಹೇಳಿ.

ಆ ವ್ಯಕ್ತಿ ನಮ್ಮ ಸಭೆಯವರೇ ಆಗಿದ್ದರೆ?

ಅದೇ ಅಳತೆ. ಯಾಕೋಬನು (2:1) ಪಕ್ಷಪಾತವನ್ನು ಸ್ಪಷ್ಟವಾಗಿ ಖಂಡಿಸುತ್ತಾನೆ. ಕಚೇರಿಯ ಸಂಗತಿಯನ್ನು ಸಭೆಯ ಹಿರಿಯರ ಬಳಿ ಎತ್ತಬೇಡಿ. ಸಭೆಯಲ್ಲಿ ಒಟ್ಟಿಗೆ ಆರಾಧಿಸುವುದನ್ನೂ ಬಿಡಬೇಡಿ.

ಕಿರುಕುಳ, ಬೆದರಿಕೆ ಅಥವಾ ವಂಚನೆ ನಡೆದಿದ್ದರೂ ಮೊದಲು ಖಾಸಗಿಯಾಗಿಯೇ ಮಾತನಾಡಬೇಕೇ?

ಇಲ್ಲ. ಈ ಉತ್ತರವನ್ನು ಯಾವ ಸಡಿಲಿಕೆಯೂ ಇಲ್ಲದೆ ಹೇಳಬೇಕಾಗಿದೆ. ಲೈಂಗಿಕ ಕಿರುಕುಳ, ದೈಹಿಕ ಬೆದರಿಕೆ, ಹಣದ ದುರುಪಯೋಗ, ಸುರಕ್ಷತೆಯ ಉಲ್ಲಂಘನೆ ಇಂಥವುಗಳಲ್ಲಿ ನೊಂದವರನ್ನು "ಮೊದಲು ನೀವೇ ಹೋಗಿ ಅವರೊಂದಿಗೆ ಮಾತನಾಡಿ" ಎಂದು ಕಳುಹಿಸುವುದು ವಾಕ್ಯವನ್ನು ತಿರುಚಿದಂತೆ. ಮತ್ತಾಯ 18ರ ಕ್ರಮವನ್ನು ಹೀಗೆ ದುರುಪಯೋಗ ಮಾಡಿದ್ದರಿಂದ ಸಭೆಗಳ ಒಳಗೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ನರಳಬೇಕಾಯಿತು. ಅದೇ ಅಧ್ಯಾಯದ ಆರಂಭದಲ್ಲಿ ಚಿಕ್ಕವರನ್ನು ಎಡವಿಸುವವರ ಬಗ್ಗೆ ಯೇಸು ಎಷ್ಟು ಕಠಿಣವಾಗಿ ಮಾತನಾಡುತ್ತಾನೆಂಬುದನ್ನು ಮರೆಯಬಾರದು. ಯೆಹೆಜ್ಕೇಲ 34ರಲ್ಲಿಯೂ ದೇವರು ಕುರುಬರ ಮೇಲೆ ಸಿಟ್ಟಾಗುವುದು ಬಲಹೀನವಾದವುಗಳನ್ನು ಅವರು ಕಾಯಲಿಲ್ಲವೆಂದು. ಕೊಬ್ಬಿದ ಕುರಿಗಳು ಹೆಗಲಿನಿಂದಲೂ ಕೊಂಬಿನಿಂದಲೂ ಬಡಕಲು ಕುರಿಗಳನ್ನು ನೂಕುವುದನ್ನು ತಾನೇ ವಿಚಾರಿಸುವೆನೆಂದು ಅವನು ಹೇಳುತ್ತಾನೆ.

ಇಂಥ ದೂರು ಬಂದ ದಿನವೇ ಸಂಸ್ಥೆಯ ನಿಯಮದ ಪ್ರಕಾರ ಸಂಬಂಧಪಟ್ಟ ಸಮಿತಿಗೆ ಅಥವಾ ವಿಭಾಗಕ್ಕೆ ತಿಳಿಸಿ, ಕಾನೂನು ಕೇಳುವುದನ್ನು ಮಾಡಿ, ದೂರು ಕೊಟ್ಟವರನ್ನು ಸೇಡಿನಿಂದ ರಕ್ಷಿಸಿ. ಆರೋಪಿತರಿಗೂ ನ್ಯಾಯವಾದ ವಿಚಾರಣೆ ಸಿಗಬೇಕು, ಅದು ಸಿಗುವುದು ಸರಿಯಾದ ವಿಧಾನದಿಂದಲೇ. ನೊಂದವರ ಬಳಿ ಕ್ಷಮೆಯ ಮಾತನ್ನು ನೀವು ಎತ್ತಬೇಡಿ. ಅದು ಅವರಿಗೂ ದೇವರಿಗೂ ಸೇರಿದ್ದು.

ಕೊನೆಗೆ ಕೆಲಸದಿಂದ ತೆಗೆಯಬೇಕಾಗಿ ಬಂದರೆ ಅದು ಕೃಪೆಯ ಸೋಲಲ್ಲವೇ?

ದುಃಖದ ಸಂಗತಿ ಹೌದು, ಯಾವಾಗಲೂ ಸೋಲಲ್ಲ. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ಮಠಗಳಿಗಾಗಿ ಬರೆದ ನಿಯಮಾವಳಿಯಲ್ಲಿ ಎರಡು ಬಾರಿ ಗುಟ್ಟಾಗಿ ಬುದ್ಧಿ ಹೇಳಬೇಕು, ಆಮೇಲೆ ಎಲ್ಲರ ಮುಂದೆ, ಮತ್ತೂ ಕೇಳದಿದ್ದರೆ ಹಂತಹಂತವಾಗಿ ಕಠಿಣ ಕ್ರಮ, ಎಲ್ಲವೂ ವಿಫಲವಾದರೆ ಮಠದಿಂದ ಕಳುಹಿಸುವುದು ಎಂದಿದೆ. ಅದೇ ನಿಯಮಾವಳಿ ಹೊರಹೋದವನು ತಿದ್ದಿಕೊಂಡು ಬಂದರೆ ಮೂರನೆಯ ಬಾರಿಯವರೆಗೂ ಮತ್ತೆ ಸೇರಿಸಿಕೊಳ್ಳಲು ಅವಕಾಶ ಕೊಡುತ್ತದೆ. ಮಠಾಧಿಪತಿಯು ದೋಷಗಳನ್ನು ದ್ವೇಷಿಸಬೇಕು, ಸಹೋದರರನ್ನು ಪ್ರೀತಿಸಬೇಕು, ತುಕ್ಕನ್ನು ಅತಿಯಾಗಿ ಕೆರೆದು ಪಾತ್ರೆಯನ್ನೇ ಒಡೆಯಬಾರದು ಎಂಬ ಎಚ್ಚರಿಕೆಯೂ ಅಲ್ಲಿದೆ.

ಮಾರ್ಕನೆಂಬ ಯೋಹಾನನು ಪೌಲನ ಮೊದಲ ಸುವಾರ್ತಾ ಪ್ರಯಾಣದಲ್ಲಿ ಪಂಫುಲ್ಯದಿಂದ ಹಿಂತಿರುಗಿದ್ದನು. ಎರಡನೆಯ ಪ್ರಯಾಣಕ್ಕೆ ಅವನನ್ನು ಕರೆದೊಯ್ಯಲು ಪೌಲನು ಒಪ್ಪಲಿಲ್ಲ. ತೀಕ್ಷ್ಣವಾದ ವಾಗ್ವಾದವಾಗಿ ಪೌಲನೂ ಅವನ ಜೊತೆಗಾರ ಬಾರ್ನಬನೂ ಬೇರೆಯಾದರು (ಅಪೊಸ್ತಲರ ಕೃತ್ಯಗಳು 15:37-40). ಬಾರ್ನಬನು ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹೋದನು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ (4:11), ಸೆರೆಯಲ್ಲಿದ್ದ ಪೌಲನು, ಮಾರ್ಕನು ನನ್ನ ಸೇವೆಗೆ ಉಪಯುಕ್ತನು, ಅವನನ್ನು ಕರೆದುಕೊಂಡು ಬಾ ಎನ್ನುತ್ತಾನೆ. ಒಂದು ತಂಡದಲ್ಲಿ ಹೊಂದಿಕೊಳ್ಳದವರು ಇನ್ನೊಬ್ಬರ ಕೈಕೆಳಗೆ ಅರಳಬಹುದು ಎಂಬುದಕ್ಕೆ ಇದು ಸಾಕ್ಷಿ. ಪೌಲನ ನಿರಾಕರಣೆ ಸರಿಯಿತ್ತೇ ಎಂದು, ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕನು ತೀರ್ಪು ಕೊಡುವುದಿಲ್ಲ. ನನ್ನ ಮಟ್ಟಿಗೆ, ಪೌಲನು ವರ್ಷಗಳ ನಂತರ ತನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳಬಲ್ಲವನಾಗಿದ್ದನು ಎಂಬುದೇ ಇಲ್ಲಿ ದೊಡ್ಡ ವಿಷಯ.

ತೆಗೆಯುವುದು ಅನಿವಾರ್ಯವಾದರೆ ಆ ಸುದ್ದಿ ಅವರಿಗೆ ಅನಿರೀಕ್ಷಿತವಾಗಿರಬಾರದು. ಹಿಂದಿನ ಮಾತುಕತೆಗಳಲ್ಲೇ ಈ ಸಾಧ್ಯತೆಯನ್ನು ಸ್ಪಷ್ಟವಾಗಿ ಹೇಳಿರಬೇಕು. ನೀವೇ ಎದುರಿಗೆ ಕುಳಿತು ತಿಳಿಸಿ, ಬೇರೆಯವರ ಬಾಯಲ್ಲಿ ಹೇಳಿಸಬೇಡಿ. ಬರಬೇಕಾದ ಬಾಕಿಯನ್ನು ಒಂದು ದಿನವೂ ತಡವಿಲ್ಲದೆ ಕೊಡಿಸಿ. ಮುಂದಿನ ಕಡೆಯವರು ನಿಮ್ಮನ್ನು ವಿಚಾರಿಸಿದರೆ ಸುಳ್ಳು ಹೊಗಳಿಕೆಯೂ ಬೇಡ, ಹಳೆಯ ಸಿಟ್ಟೂ ಬೇಡ. ಅವರಲ್ಲಿ ನಿಜವಾಗಿ ಇದ್ದ ಸಾಮರ್ಥ್ಯವನ್ನು ಹೇಳಿ. ಅವರು ಹೋದ ಮೇಲೆ ತಂಡದಲ್ಲಿ ಅವರ ಬಗ್ಗೆ ಹಗುರವಾದ ಮಾತು ಎದ್ದರೆ ಅಲ್ಲಿಯೇ ತಡೆಯಿರಿ.

ಕಷ್ಟದ ವ್ಯಕ್ತಿ ನನ್ನ ಮೇಲಧಿಕಾರಿಯೇ ಆಗಿದ್ದರೆ?

ದಾನಿಯೇಲನ ಉದಾಹರಣೆ ಚೆನ್ನಾಗಿದೆ. ರಾಜನ ಆಹಾರವನ್ನು ತಿನ್ನಲಾರೆನೆಂದು ನಿರ್ಧರಿಸಿದ ಅವನು ಪ್ರತಿಭಟಿಸಿ ಎದ್ದು ಹೋಗಲಿಲ್ಲ. ಅಧಿಕಾರಿಗೆ ರಾಜನ ಭಯವಿತ್ತೆಂಬುದನ್ನು ಅವನು ಅರ್ಥಮಾಡಿಕೊಂಡನು. ಆ ಭಯಕ್ಕೆ ಉತ್ತರವಾಗುವಂತೆ, ಹತ್ತು ದಿನ ಪರೀಕ್ಷಿಸಿ ನೋಡು, ಆಮೇಲೆ ನಿನಗೆ ಕಂಡಂತೆ ಮಾಡು ಎಂದು ಮೇಲ್ವಿಚಾರಕನನ್ನು ಕೇಳಿಕೊಂಡನು (1:8-14). ಗದರಿಸುವ ಮೇಲಧಿಕಾರಿಯ ಹಿಂದೆಯೂ ಅನೇಕ ವೇಳೆ ಇಂಥ ಭಯವೊಂದು ಇರುತ್ತದೆ. ಅದೇನೆಂದು ತಿಳಿದು, ಚಿಕ್ಕ ಅವಧಿಯ, ಹಿಂತೆಗೆದುಕೊಳ್ಳಬಹುದಾದ ಪರ್ಯಾಯವನ್ನು ಮುಂದಿಟ್ಟರೆ ಒಪ್ಪಿಗೆ ಸಿಗುವುದು ಸುಲಭ. ಅವರು ಸುಳ್ಳು ಲೆಕ್ಕ ಬರೆಯಲು ಅಥವಾ ಇನ್ನೊಬ್ಬರಿಗೆ ಅನ್ಯಾಯ ಮಾಡಲು ಹೇಳಿದರೆ, ಒಲ್ಲೆನೆಂದು ಗೌರವದಿಂದ ಹೇಳಿ ಅದರ ಪರಿಣಾಮವನ್ನು ಎದುರಿಸಬೇಕಾಗುತ್ತದೆ.

ನಾನು ದಣಿದುಹೋಗಿದ್ದೇನೆ. ಇನ್ನು ಆಗುವುದಿಲ್ಲ ಎನಿಸುತ್ತಿದೆ. ಇದು ಅವಿಶ್ವಾಸವೇ?

ಈ ಜನರೆಲ್ಲರ ಭಾರವನ್ನು ನಾನೊಬ್ಬನೇ ಹೊರಲಾರೆನು ಎಂದು ಮೋಶೆಯು ದೇವರ ಮುಂದೆಯೇ ಹೇಳಿದನು (ಅರಣ್ಯಕಾಂಡ 11:14). ದೇವರು ಅವನನ್ನು ಗದರಿಸದೆ, ಭಾರವನ್ನು ಹಂಚಿಕೊಳ್ಳಲು ಎಪ್ಪತ್ತು ಹಿರಿಯರನ್ನು ಕೊಟ್ಟನು. ಅದಕ್ಕೂ ಮೊದಲು ಮಾವ ಇತ್ರೋವನು, ಮುಂಜಾನೆಯಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದ ಅಳಿಯನನ್ನು ನೋಡಿ, ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸಿದ್ದನು. ಸತ್ತುಹೋದರೆ ಸಾಕು ಎಂದು ಜಾಲಿಯ ಗಿಡದ ಕೆಳಗೆ ಮಲಗಿದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ಮತ್ತೆ ನಿದ್ದೆ, ಮತ್ತೆ ಊಟ. ಉಪದೇಶ ಬಂದದ್ದು ಬಹಳ ದಿನಗಳ ಮೇಲೆ.

ಒಬ್ಬ ವ್ಯಕ್ತಿಯೊಂದಿಗಿನ ತಿಕ್ಕಾಟವೇ ನಿಮ್ಮ ನಿದ್ದೆಯನ್ನು ಕೆಡಿಸುತ್ತಿದ್ದರೆ ನಿಮ್ಮ ಮೇಲಿನವರಿಗೆ ಅದನ್ನು ಹೇಳಿ, ಮುಂದಿನ ಮಾತುಕತೆಗೆ ಇನ್ನೊಬ್ಬ ಅಧಿಕಾರಿಯನ್ನು ಜೊತೆಗೆ ಕರೆಯಿರಿ, ಸಾಧ್ಯವಾದರೆ ಆ ವ್ಯಕ್ತಿಯ ಮೇಲ್ವಿಚಾರಣೆಯನ್ನು ಬೇರೆಯವರಿಗೆ ವಹಿಸಲು ಕೇಳಿ. ಸಂಸ್ಥೆಯ ಹೊರಗಿನ ಒಬ್ಬ ಅನುಭವಿ ವಿಶ್ವಾಸಿಯೊಂದಿಗೆ, ಹೆಸರುಗಳನ್ನು ಹೇಳದೆ, ಮನಸ್ಸು ಬಿಚ್ಚಿ ಮಾತನಾಡಿ. ವಾರಕ್ಕೊಂದು ವಿಶ್ರಾಂತಿಯ ದಿನವನ್ನು ಇಮೇಲ್ ನೋಡದೆ ಕಳೆಯಿರಿ. ಬಾಕಿ ಉಳಿದ ರಜೆಯಿದ್ದರೆ ಈ ತಿಂಗಳೇ ಅರ್ಜಿ ಹಾಕಿ.